ಜಗಳ ಹುಟ್ಟುವ ಮುನ್ನ ನಿಯಮ ಹುಟ್ಟಲಿ

(ಹುಬ್ಬಳ್ಳಿ-ಧಾರವಾಡದ ಮುಸ್ಲಿಮ್ ಯುವಕ ಸಂಘಗಳ ಹಾಗೂ ಕ್ರೀಡಾ ಕ್ಲಬ್‌ಗಳ ಪದಾಧಿಕಾರಿಗಳ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ನನಗೆ ಕೊಡಲಾದ ವಿಷಯ ಸಂಘ-ಸಂಸ್ಥೆಗಳ ನಿಯಮಾವಳಿಯ ರಚನೆ. ಇದನ್ನು ಕೇಳಿ ಯುವಕರಲ್ಲಿ ಕೆಲವರಿಗಾದರೂ ನಿರಾಶೆಯಾಗಿರಬಹುದು. ಆಡಲು ಮೈದಾನವಿಲ್ಲ, ಚೆಂಡು ಕೊಳ್ಳಲು ಹಣವಿಲ್ಲ, ಅಭ್ಯಾಸಕ್ಕೆ ಬರುವ ಹುಡುಗರಿಗೆ ಒಂದು ಲೋಟ ಹಾಲು ಕೊಡುವ ಅನುಕೂಲವೂ ಇಲ್ಲ. ಇವರು ಕಾಗದ-ಪತ್ರದ ಮಾತನಾಡಲು ಬಂದಿದ್ದಾರಲ್ಲ ಎಂದು ಅನಿಸುವುದು ಸಹಜ. ಆದರೆ ನಮ್ಮ ಮೊಹಲ್ಲಾಗಳ ಕ್ಲಬ್‌ಗಳು ಹಣದ ಕೊರತೆಯಿಂದ ಮುಚ್ಚಿದ್ದಕ್ಕಿಂತ ಮನಸ್ತಾಪದಿಂದ ಮುಚ್ಚಿದ್ದೇ ಹೆಚ್ಚು ಎಂಬುದು ಇಲ್ಲಿ ಕುಳಿತಿರುವ ಹಿರಿಯರಿಗೆ ನನಗಿಂತ ಚೆನ್ನಾಗಿ ಗೊತ್ತಿದೆ.

ಹೇಗೆ ನಡೆಯುತ್ತದೆ ನೋಡಿ. ಹತ್ತು ಹನ್ನೆರಡು ಹುಡುಗರು ಕಲೆಯುತ್ತಾರೆ. ಒಬ್ಬ ಭಾಯಿ ಮುಂದೆ ನಿಲ್ಲುತ್ತಾನೆ. ಅಂಗಡಿ ಅಂಗಡಿ ತಿರುಗಿ ಚಂದಾ ಎತ್ತುತ್ತಾರೆ, ಹೆಸರಿಡುತ್ತಾರೆ, ಜೆರ್ಸಿ ಹೊಲಿಸುತ್ತಾರೆ. ಮೊದಲ ವರ್ಷ ಎಲ್ಲರೂ ಅಣ್ಣತಮ್ಮಂದಿರು. ಎರಡನೆಯ ವರ್ಷ ಒಂದು ಪಂದ್ಯಾವಳಿ ನಡೆಸುತ್ತಾರೆ. ಎಷ್ಟು ಹಣ ಬಂತು, ಎಷ್ಟು ಖರ್ಚಾಯಿತು ಎಂಬುದು ಇಬ್ಬರಿಗೆ ಮಾತ್ರ ಗೊತ್ತು. ಮೂರನೆಯ ವರ್ಷ ಕ್ಲಬ್ ಎರಡಾಗುತ್ತದೆ. ಕಪ್ಪು ಒಬ್ಬರ ಮನೆಯಲ್ಲಿ, ಮ್ಯಾಟು ಇನ್ನೊಬ್ಬರ ಮನೆಯಲ್ಲಿ, ಹೆಸರು ಮಾತ್ರ ಇಬ್ಬರದೂ. ಈದ್ ನಮಾಝ್‌ನ ನಂತರ ಪರಸ್ಪರ ಆಲಿಂಗಿಸಬೇಕಾದವರು ಬೇರೆ ಬೇರೆ ಬಾಗಿಲಿನಿಂದ ಹೊರಟು ಹೋಗುತ್ತಾರೆ. ಇವರ ನಡುವೆ ಧರ್ಮದ ಭಿನ್ನಮತವಿತ್ತೇ? ಇಲ್ಲ. ಆಟದ ಬಗ್ಗೆ ಭಿನ್ನಮತವಿತ್ತೇ? ಅದೂ ಇಲ್ಲ. ಹಣ ಯಾರ ಸುಪರ್ದಿಯಲ್ಲಿರಬೇಕು, ತಂಡವನ್ನು ಯಾರು ಆರಿಸಬೇಕು, ಅಧ್ಯಕ್ಷ ಎಷ್ಟು ವರ್ಷ ಅಧ್ಯಕ್ಷ ಎಂಬ ಮೂರು ಪ್ರಶ್ನೆಗಳಿಗೆ ಮೊದಲ ದಿನ ಉತ್ತರ ಬರೆದಿಡಲಿಲ್ಲ, ಅಷ್ಟೇ.

ಬರೆದಿಡುವ ಅಗತ್ಯವೇ ಇಲ್ಲದ ಕಾಲವೊಂದಿತ್ತು ಎಂದು ಕೆಲವು ಹಿರಿಯರು ಹೇಳುತ್ತಾರೆ. ಅವರು ತಾಲೀಮುಗಳ ಕಾಲವನ್ನು ನೆನೆಯುತ್ತಾರೆ. ನಮ್ಮ ಸೀಮೆಯ ಗರಡಿಗಳಲ್ಲಿ ವಸ್ತಾದರ ಮಾತೇ ಕಾನೂನು. ಅಖಾಡದ ಮಣ್ಣಿಗೆ ಚಪ್ಪಲಿ ಹಾಕಿ ಇಳಿಯಬಾರದು, ಹಿರಿಯ ಪೈಲ್ವಾನ ಕಿರಿಯನ ಮೇಲೆ ಸೇಡಿನ ಪಟ್ಟು ಹಾಕಬಾರದು, ಹರಾಮಿನ ಚಟ ಹಿಡಿದವನಿಗೆ ಬಾಗಿಲು ಮುಚ್ಚಿತು. ಇವೆಲ್ಲ ಯಾವ ಪುಸ್ತಕದಲ್ಲೂ ಇರಲಿಲ್ಲ, ಆದರೂ ನಡೆಯುತ್ತಿದ್ದವು. ನಾನು ಆ ಶಿಸ್ತನ್ನು ಗೌರವಿಸುತ್ತೇನೆ. ಆದರೆ ವಸ್ತಾದರ ತಲೆಯಲ್ಲಿದ್ದ ನಿಯಮ ವಸ್ತಾದರ ಜೊತೆಗೇ ಮಣ್ಣಾಗುತ್ತದೆ. ಅವರ ಮಗ ಬೇರೆ ಹೇಳಿದ, ಶಿಷ್ಯ ಬೇರೆ ಹೇಳಿದ, ತಾಲೀಮಿಗೆ ಬೀಗ ಬಿತ್ತು. ಇದನ್ನು ನೀವೂ ಕಂಡಿರಬಹುದು.

ಬರೆದಿಡುವುದು ಅಪನಂಬಿಕೆಯ ಲಕ್ಷಣ ಎಂಬ ಭಾವನೆ ನಮ್ಮಲ್ಲಿ ಆಳವಾಗಿದೆ. "ನಾವು ನಾವೇ, ನಮ್ಮೊಳಗೆ ಲೆಕ್ಕವೇನು?" ಎಂದು ಕೇಳುತ್ತೇವೆ. ಹೀಗೆ ಕೇಳುವವರು ಪವಿತ್ರ ಕುರ್‌ಆನಿನ ಅತಿ ದೀರ್ಘವಾದ ಸೂಕ್ತ ಯಾವುದರ ಬಗ್ಗೆ ಇದೆ ಎಂದು ಒಮ್ಮೆ ನೋಡಬೇಕು. ಅದು ಸಾಲದ ವ್ಯವಹಾರವನ್ನು ಬರೆದಿಡುವುದರ ಬಗ್ಗೆ ಇದೆ. ಅವಧಿ ನಿಗದಿಯಾದ ಸಾಲವನ್ನು ಬರೆದುಕೊಳ್ಳಬೇಕು, ಬರೆಯುವವನು ನ್ಯಾಯದಿಂದ ಬರೆಯಬೇಕು, ಸಾಕ್ಷಿಗಳಿರಬೇಕು, ಮೊತ್ತ ಚಿಕ್ಕದಾಗಲಿ ದೊಡ್ಡದಾಗಲಿ ಬರೆಯಲು ಬೇಸರಪಡಬಾರದು ಎಂಬುದು ಅದರ ಆದೇಶದ ಸಾರ. ಈ ಆದೇಶ ಬಂದದ್ದು ಒಬ್ಬರಿಗಾಗಿ ಒಬ್ಬರು ಪ್ರಾಣ ಕೊಡಲು ಸಿದ್ಧರಿದ್ದ ಸಮೂಹಕ್ಕೆ! ಪ್ರವಾದಿ(ಸ) ಮದೀನಾಕ್ಕೆ ಬಂದ ಮೇಲೆ ಮುಹಾಜಿರರು, ಅನ್ಸಾರರು ಮತ್ತು ಯಹೂದಿಗಳ ನಡುವೆ ಒಪ್ಪಂದವೊಂದನ್ನು ಬರೆಸಿದರು. ಯಾರ ಹೊಣೆ ಯಾವುದು, ರಕ್ತ ಪರಿಹಾರವನ್ನು ಯಾರು ತುಂಬಬೇಕು, ತಕರಾರು ಬಂದರೆ ಯಾರ ಬಳಿ ಹೋಗಬೇಕು ಎಂಬುದೆಲ್ಲ ಅದರಲ್ಲಿತ್ತು. ತಕರಾರು ಬರುತ್ತದೆ ಎಂದು ಮೊದಲೇ ಒಪ್ಪಿಕೊಂಡು ಬರೆದ ಒಪ್ಪಂದವದು.

ಅದಕ್ಕೂ ಮೊದಲು, ಪ್ರವಾದಿತ್ವ ದೊರೆಯುವುದಕ್ಕೆ ಎಷ್ಟೋ ವರ್ಷ ಹಿಂದೆ, ಮಕ್ಕಾದಲ್ಲಿ ಹೊರಗಿನ ವ್ಯಾಪಾರಿಯೊಬ್ಬನ ಸರಕನ್ನು ಪಡೆದು ಹಣ ಕೊಡಲು ನಿರಾಕರಿಸಿದ ಪ್ರಸಂಗ ನಡೆದಾಗ, ಅಬ್ದುಲ್ಲಾ ಬಿನ್ ಜುದ್‌ಆನ್‌ರ ಮನೆಯಲ್ಲಿ ಕೆಲವರು ಸೇರಿ ಮರ್ದಿತನ ಪರ ನಿಲ್ಲುವ ಪ್ರತಿಜ್ಞೆ ಮಾಡಿದರು. ಹಿಲ್ಫುಲ್ ಫುದೂಲ್ ಎಂದು ಹೆಸರಾದ ಆ ಕೂಟದಲ್ಲಿ ಯುವಕರಾಗಿದ್ದ ಮುಹಮ್ಮದ್(ಸ) ಭಾಗವಹಿಸಿದ್ದರು; ಅಂಥದಕ್ಕೆ ಈಗ ಕರೆದರೂ ಹೋಗುವೆನೆಂದು ನಂತರದ ದಿನಗಳಲ್ಲಿ ಹೇಳುತ್ತಿದ್ದರು. ಸಂಬಳವಿಲ್ಲದ, ಸ್ವಯಂಪ್ರೇರಣೆಯ ಸಂಘಕ್ಕೆ ನಮ್ಮ ಚರಿತ್ರೆಯಲ್ಲಿ ಇದಕ್ಕಿಂತ ಗೌರವದ ಪೂರ್ವನಿದರ್ಶನ ಬೇಕೇ? ಅದಕ್ಕೆ ಒಂದು ಸ್ಪಷ್ಟ ಉದ್ದೇಶವಿತ್ತು. ನಿಮ್ಮ ಕ್ಲಬ್‌ನ ಉದ್ದೇಶವನ್ನು ಒಂದೇ ವಾಕ್ಯದಲ್ಲಿ ಹೇಳಿ ಎಂದು ಕೇಳಿದರೆ ಇಲ್ಲಿರುವ ಎಷ್ಟು ಮಂದಿ ಹೇಳಬಲ್ಲಿರಿ?

ಕಾಗದದ ಮಹತ್ವವನ್ನು ನಮ್ಮ ಊರಿಗೆ ನಾನು ಹೊರಗಿನ ಉದಾಹರಣೆ ಕೊಟ್ಟು ಹೇಳಬೇಕಾಗಿಲ್ಲ. ಈದ್ಗಾಹ್ ಮೈದಾನವನ್ನು ನೆನೆಯಿರಿ. 1921ರಲ್ಲಿ ಅಂದಿನ ಹುಬ್ಬಳ್ಳಿ ಪುರಸಭೆಯು ಆ ಜಾಗವನ್ನು ವರ್ಷಕ್ಕೆ 1 ರೂಪಾಯಿಯಂತೆ 999 ವರ್ಷಗಳಿಗೆ ಅಂಜುಮನ್-ಎ-ಇಸ್ಲಾಮ್‌ಗೆ ನೀಡಿತು. ಅಲ್ಲಿ ಅಂಗಡಿ ಮಳಿಗೆಗಳ ಕಟ್ಟಡ ಕಟ್ಟುವ ಸಂಬಂಧ ವಿವಾದ ಎದ್ದು ನ್ಯಾಯಾಲಯಕ್ಕೆ ಹೋಯಿತು. ದೊರೆತದ್ದು ಒಡೆತನವಲ್ಲ, ವರ್ಷಕ್ಕೆ ಎರಡು ದಿನ ನಮಾಝ್ ಮಾಡುವ ಪರವಾನಗಿ ಮಾತ್ರ ಎಂಬ ತೀರ್ಮಾನ 2010ರಲ್ಲಿ ಸುಪ್ರೀಮ್ ಕೋರ್ಟಿನಲ್ಲಿ ಸ್ಥಿರವಾಯಿತು. ನಡುವೆ 1994ರ ಆಗಸ್ಟ್ 15ರಂದು ಅದೇ ಮೈದಾನದ ವಿವಾದದಲ್ಲಿ ಗೋಲಿಬಾರ್ ನಡೆದು ಜೀವಗಳು ಹೋದವು. ರಾಜಕೀಯದವರು ಎರಡೂ ಕಡೆಯಿಂದ ಆ ಬೆಂಕಿಯಲ್ಲಿ ಕೈ ಕಾಯಿಸಿಕೊಂಡರು. ಅದರ ರಾಜಕೀಯದ ಬಗ್ಗೆ ಬೇರೆ ಸಭೆಯಲ್ಲಿ ಮಾತನಾಡೋಣ. ಇಲ್ಲಿ ನಾನು ಹೇಳಬೇಕಾದದ್ದು ಇಷ್ಟು: ನ್ಯಾಯಾಲಯದ ಮುಂದೆ ಭಾವನೆಯನ್ನು ತೂಗುವ ತಕ್ಕಡಿ ಇರಲಿಲ್ಲ. ಕಾಗದದಲ್ಲಿ ಯಾವ ಶಬ್ದವಿದೆ, ಯಾವ ಶರತ್ತಿದೆ ಎಂಬುದರ ಮೇಲೆ ತೂಕ ನಡೆಯಿತು.

ಈಗ ನಿಮ್ಮ ಕ್ಲಬ್‌ನ ಕಾಗದಕ್ಕೆ ಬರೋಣ. ನೋಂದಣಿಯಾದ ಸಂಘಗಳು ಇಲ್ಲಿ ಸಾಕಷ್ಟಿವೆ. ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ 1960ರ ಪ್ರಕಾರ ಕನಿಷ್ಠ 7 ಮಂದಿ ಸೇರಿ ಉದ್ದೇಶ ಪತ್ರ ಮತ್ತು ನಿಯಮಾವಳಿಯನ್ನು ನೋಂದಣಾಧಿಕಾರಿಗೆ ಒಪ್ಪಿಸಿದರೆ ಸಂಘ ಹುಟ್ಟುತ್ತದೆ. ಹುಟ್ಟುವುದು ಸುಲಭ. ಆ ಬಳಿಕ ಪ್ರತಿವರ್ಷ ಮಹಾಸಭೆ ನಡೆಸಬೇಕು, ಆಡಳಿತ ಮಂಡಳಿಯ ಪಟ್ಟಿ ಮತ್ತು ಲೆಕ್ಕಪತ್ರವನ್ನು ಸಲ್ಲಿಸಬೇಕು. ಇದನ್ನು ಮಾಡದ ಸಂಘ ಕಾಗದದಲ್ಲಿ ಬದುಕಿದ್ದರೂ ಕಾನೂನಿನ ಕಣ್ಣಿನಲ್ಲಿ ರೋಗಿಷ್ಠ. ದೂರು ಹೋದರೆ ವಿಚಾರಣೆ ನಡೆಯುತ್ತದೆ. ಕೊನೆಗೆ ಆಡಳಿತಾಧಿಕಾರಿಯನ್ನು ತಂದು ಕೂರಿಸುವ ಅವಕಾಶವೂ ಕಾಯ್ದೆಯಲ್ಲಿದೆ. ನಾವು ಬೆಳೆಸಿದ ಸಂಘದಲ್ಲಿ ಸರಕಾರಿ ಅಧಿಕಾರಿ ಬಂದು ಕುಳಿತಾಗ "ಇದು ನಮ್ಮ ಮೇಲಿನ ಅನ್ಯಾಯ" ಎಂದು ಮುಷ್ಕರ ಮಾಡುವ ಮೊದಲು, ಕೊನೆಯ ಮಹಾಸಭೆಯ ನಡಾವಳಿ ಎಲ್ಲಿದೆ ಎಂದು ಹುಡುಕಬೇಕಾಗುತ್ತದೆ.

ಬೈಲಾ ಎಂಬುದು ಬಹುಪಾಲು ಸಂಘಗಳಲ್ಲಿ ಟೈಪಿಂಗ್ ಅಂಗಡಿಯಲ್ಲಿ ಸಿಕ್ಕ ನಮೂನೆ. ಮಹಿಳಾ ಮಂಡಳದ ಬೈಲಾದಲ್ಲಿ ಹೆಸರು ಬದಲಾಯಿಸಿ ಫುಟ್‌ಬಾಲ್ ಕ್ಲಬ್‌ನ ಬೈಲಾ ಮಾಡಿರುತ್ತಾರೆ. ಉದ್ದೇಶಗಳ ಪಟ್ಟಿಯಲ್ಲಿ ಹೊಲಿಗೆ ತರಬೇತಿ, ಹೈನುಗಾರಿಕೆ, ಅನಾಥಾಲಯ ಎಲ್ಲವೂ ಇರುತ್ತವೆ, ಫುಟ್‌ಬಾಲ್ ಮಾತ್ರ ಇರುವುದಿಲ್ಲ! ನಗಬೇಡಿ, ಮನೆಗೆ ಹೋದ ಮೇಲೆ ನಿಮ್ಮದನ್ನೂ ತೆಗೆದು ನೋಡಿ. ಸಿಗದಿದ್ದರೆ ನೋಂದಣಿ ಕಚೇರಿಯಿಂದ ನಕಲು ಪಡೆಯಿರಿ.

ಹಾಗಾದರೆ ನಿಯಮ ಮಾಡುವುದು ಹೇಗೆ? ಇಲ್ಲಿ ಎರಡು ತಪ್ಪು ದಾರಿಗಳಿವೆ. ಒಂದು, ಅಧ್ಯಕ್ಷರು ರಾತ್ರಿ ಕುಳಿತು ನಲವತ್ತು ನಿಯಮ ಬರೆದು ಬೆಳಿಗ್ಗೆ ಗೋಡೆಗೆ ಅಂಟಿಸುವುದು. ಇನ್ನೊಂದು, ಎಲ್ಲರೂ ಒಪ್ಪಲಿ ಎಂದು ಕಾಯುತ್ತ ಯಾವ ನಿಯಮವನ್ನೂ ಮಾಡದಿರುವುದು. ಇವೆರಡರ ನಡುವಿನ ದಾರಿಯನ್ನು ನಾವು ಉಹುದ್‌ನಿಂದ ಕಲಿಯಬಹುದು. ಶತ್ರು ಸೈನ್ಯ ಮದೀನಾದ ಸಮೀಪ ಬಂದಾಗ ಪ್ರವಾದಿಯವರು(ಸ) ಅನುಚರರನ್ನು ಸೇರಿಸಿ ಸಮಾಲೋಚಿಸಿದರು. ನಗರದೊಳಗೇ ಇದ್ದು ಎದುರಿಸುವುದು ಅವರ ಸ್ವಂತ ಅಭಿಪ್ರಾಯವಾಗಿತ್ತು. ಹೊರಗೆ ಹೋಗಿ ಹೋರಾಡೋಣವೆಂದು ಯುವಕರು ಉತ್ಸಾಹದಿಂದ ಒತ್ತಾಯಿಸಿದರು. ಅವರ ಅಭಿಪ್ರಾಯವೇ ನಿಂತಿತು. ಪ್ರವಾದಿಯವರು(ಸ) ಕವಚ ತೊಟ್ಟು ಹೊರಬಂದಾಗ, ತಾವು ಬಲವಂತ ಮಾಡಿದೆವೇನೋ ಎಂದು ಅದೇ ಯುವಕರು ಹಿಂಜರಿದರು. ಆದರೆ ಆಗ ನಿರ್ಧಾರ ಬದಲಾಗಲಿಲ್ಲ. ತೀರ್ಮಾನಕ್ಕೆ ಮುನ್ನ ಕಿರಿಯನ ಮಾತಿಗೂ ಕಿವಿಯಿರಬೇಕು. ತೀರ್ಮಾನವಾದ ಮೇಲೆ ಹಿರಿಯನ ಮುಲಾಜಿಗೂ ಅದು ಬಗ್ಗಬಾರದು.

ನನ್ನ ಸಲಹೆ ಸರಳ. ಈಗಾಗಲೇ ನಿಮ್ಮ ಕ್ಲಬ್‌ನಲ್ಲಿ ಮನಸ್ತಾಪಕ್ಕೆ ಕಾರಣವಾದ ಒಂದು ವಿಷಯವನ್ನು ತೆಗೆದುಕೊಳ್ಳಿ, ಒಂದೇ ಒಂದು. ಆ ವಿಷಯದಿಂದ ಬಾಧಿತರಾಗುವವರನ್ನು ಕೂರಿಸಿ ಕೇಳಿ: ಆಟಗಾರರು, ಪೋಷಕರು, ಹಣ ಕೊಡುವ ಅಂಗಡಿಯವರು. ಒಂದು ಪುಟ ಮೀರದಂತೆ ಬರೆಯಿರಿ. ಮನೆಯಲ್ಲಿ ಕನ್ನಡ ಓದುವ ಮಗನೂ ಉರ್ದು ಓದುವ ತಾಯಿಯೂ ಇರುತ್ತಾರೆ, ಎರಡರಲ್ಲೂ ಬರೆಯಿರಿ. ಸಭೆಯಲ್ಲಿ ಗಟ್ಟಿಯಾಗಿ ಓದಿ, ಠರಾವು ಮಾಡಿ, ನಡಾವಳಿ ಪುಸ್ತಕದಲ್ಲಿ ಸಹಿ ಹಾಕಿಸಿ. ಆರು ತಿಂಗಳ ನಂತರ ಮರುಪರಿಶೀಲನೆ ಎಂದು ಅದರಲ್ಲೇ ದಿನಾಂಕ ನಮೂದಿಸಿ. ಇದು ತಾತ್ಕಾಲಿಕ ಎಂದು ಗೊತ್ತಾದಾಗ ವಿರೋಧಿಸುವವನೂ "ನೋಡೋಣ" ಎನ್ನುತ್ತಾನೆ. ಅದು ನಡೆದ ಮೇಲೆ ಎರಡನೆಯ ವಿಷಯಕ್ಕೆ ಹೋಗಿ.

ಮೊದಲ ವಿಷಯ ಹಣವೇ ಆಗಿರಲಿ ಎಂಬುದು ನನ್ನ ಅಭಿಪ್ರಾಯ. ಚಂದಾಕ್ಕೆ ರಸೀದಿ, ಬ್ಯಾಂಕ್ ಖಾತೆಗೆ ಇಬ್ಬರ ಸಹಿ, ಪಂದ್ಯಾವಳಿ ಮುಗಿದ ಹದಿನೈದು ದಿನಗಳೊಳಗೆ ಲೆಕ್ಕ ನೋಟೀಸ್ ಬೋರ್ಡಿನಲ್ಲಿ. ಇಷ್ಟಕ್ಕೇ ಅರ್ಧ ಜಗಳ ನಿಲ್ಲುತ್ತದೆ. ಝಕಾತ್ ಸಂಗ್ರಹಕ್ಕೆ ಹೋಗಿ ಬಂದ ಇಬ್ನುಲ್ ಲುತ್ಬಿಯ್ಯಾ ಎಂಬವರು ಇಷ್ಟು ನಿಮಗೆ, ಇಷ್ಟು ನನಗೆ ಉಡುಗೊರೆಯಾಗಿ ಬಂದದ್ದು ಎಂದಾಗ ಪ್ರವಾದಿಯವರು(ಸ) ಮಿಂಬರ್ ಏರಿ ಆಕ್ಷೇಪಿಸಿದ ಪ್ರಸಂಗ ನಿಮಗೆಲ್ಲ ಗೊತ್ತು. ತಂದೆತಾಯಿಯ ಮನೆಯಲ್ಲಿ ಸುಮ್ಮನೆ ಕುಳಿತಿದ್ದರೆ ಆ ಉಡುಗೊರೆ ಬರುತ್ತಿತ್ತೇ ಎಂಬ ಅವರ ಪ್ರಶ್ನೆಯನ್ನು ಪ್ರತಿಯೊಬ್ಬ ಖಜಾಂಚಿಯೂ, ಕ್ರೀಡಾ ಸಾಮಗ್ರಿಯ ಅಂಗಡಿಯವನು ಪ್ರೀತಿಯಿಂದ ಕೊಟ್ಟ ಬೂಟನ್ನು ಮನೆಗೆ ಒಯ್ಯುವ ಮೊದಲು ಕೇಳಿಕೊಳ್ಳಬೇಕು. ಜೊತೆಗೆ ಇನ್ನೊಂದು ಮಾತು. ತಂಡಗಳಿಂದ ಪ್ರವೇಶ ಶುಲ್ಕ ಎತ್ತಿ ಅದೇ ಹಣವನ್ನು ಗೆದ್ದವರಿಗೆ ಬಹುಮಾನವಾಗಿ ಹಂಚುವ ಪದ್ಧತಿ ಜೂಜಿನ ವ್ಯಾಪ್ತಿಗೆ ಬರುತ್ತದೆಂದು ಉಲಮಾಗಳು ಎಚ್ಚರಿಸಿದ್ದಾರೆ. ಶುಲ್ಕ ಮೈದಾನದ ಖರ್ಚಿಗೆ, ಬಹುಮಾನ ದಾನಿಗಳಿಂದ ಎಂದು ಬೇರ್ಪಡಿಸಿ ಬರೆದುಬಿಡಿ. ಪಂದ್ಯದ ಮೇಲೆ ಬಾಜಿ ಕಟ್ಟಿದವನು ಎಷ್ಟು ಒಳ್ಳೆಯ ಬೌಲರ್ ಆಗಿದ್ದರೂ ತಂಡದಲ್ಲಿರುವುದಿಲ್ಲ ಎಂಬುದೂ ಅದೇ ಪುಟದಲ್ಲಿರಲಿ.

ಆಯ್ಕೆಯ ವಿಷಯದಲ್ಲಿ ನಮ್ಮ ದೊಡ್ಡ ರೋಗ ವಯಸ್ಸಿನ ಸುಳ್ಳು. ಹದಿನಾಲ್ಕರೊಳಗಿನವರ ಪಂದ್ಯಕ್ಕೆ ಮೀಸೆ ಬೋಳಿಸಿದ ಹುಡುಗನನ್ನು ಇಳಿಸಿ ಗೆದ್ದ ಕಪ್ಪಿನಲ್ಲಿ ಬರಕತ್ ಎಲ್ಲಿಂದ ಬರಬೇಕು? ಅಬ್ದುಲ್ಲಾ ಬಿನ್ ಉಮರ್(ರ)ರವರು ಉಹುದ್‌ಗೆ ಬಂದಾಗ ಹದಿನಾಲ್ಕು ವರ್ಷ. ಪ್ರವಾದಿಯವರು(ಸ) ಅವರನ್ನು ಹಿಂದಕ್ಕೆ ಕಳುಹಿಸಿದರು. ಖಂದಕ್‌ನ ಸಮಯಕ್ಕೆ ಹದಿನೈದಾಗಿತ್ತು, ಅನುಮತಿ ದೊರೆಯಿತು. ಅವರು ಉಮರ್(ರ)ರ ಪುತ್ರರೆಂಬ ಕಾರಣಕ್ಕೆ ನಿಯಮ ಸಡಿಲವಾಗಲಿಲ್ಲ. ಅದೇ ಉಹುದ್‌ನಲ್ಲಿ ರಾಫಿಅ್(ರ) ಎಂಬ ಬಾಲಕನಿಗೆ ಉತ್ತಮ ಬಿಲ್ಲುಗಾರನೆಂದು ಅನುಮತಿ ಸಿಕ್ಕಿತು. ಸಮುರಾ(ರ) ಎಂಬ ಇನ್ನೊಬ್ಬ ಬಾಲಕ, ಕುಸ್ತಿಯಲ್ಲಿ ನಾನು ರಾಫಿಅ್‌ನನ್ನು ಕೆಡವಬಲ್ಲೆ ಎಂದು ದೂರಿದ. ಕುಸ್ತಿ ನಡೆಯಿತು, ಸಮುರಾ ಗೆದ್ದ, ಅವನಿಗೂ ಅನುಮತಿ ದೊರೆಯಿತೆಂದು ಸೀರತ್ ಗ್ರಂಥಗಳು ಹೇಳುತ್ತವೆ. ಆಯ್ಕೆಯಾಗದ ಹುಡುಗ ಬಂದು ಪ್ರಶ್ನಿಸಲು ಒಂದು ಬಾಗಿಲು ಇತ್ತು, ಅವನ ಅಹವಾಲನ್ನು ಪರೀಕ್ಷಿಸುವ ಬಗೆಯೂ ಇತ್ತು. ನಮ್ಮಲ್ಲಿ ಪ್ರಶ್ನಿಸಿದ ಹುಡುಗನಿಗೆ "ಬೇರೆ ಕ್ಲಬ್ ನೋಡಿಕೋ" ಎನ್ನುತ್ತೇವೆ. ಗದಗಿನಿಂದ ಹುಬ್ಬಳ್ಳಿಗೆ ಅಭ್ಯಾಸಕ್ಕಾಗಿ ಬಂದುಹೋಗುತ್ತಿದ್ದ ಸುನಿಲ್ ಜೋಶಿ ಮುಂದೆ ಭಾರತ ತಂಡದಲ್ಲಿ ಆಡಿದರು. ಯಾವ ಹುಡುಗನಲ್ಲಿ ಏನಿದೆಯೋ ಯಾರು ಬಲ್ಲರು?

ಈಗ ಹೇಳುವ ವಿಷಯವನ್ನು ದಯವಿಟ್ಟು ಗಮನವಿಟ್ಟು ಕೇಳಿ. ನಿಮ್ಮ ಕ್ಲಬ್‌ಗಳಿಗೆ ಎಂಟು, ಹತ್ತು ವರ್ಷದ ಮಕ್ಕಳು ಬರುತ್ತಾರೆ. ತಂದೆ ಗ್ಯಾರೇಜಿನಲ್ಲಿ, ತಾಯಿ ಮನೆಯಲ್ಲಿ. ಕೋಚ್ ಭಾಯಿ ಇದ್ದಾರೆಂಬ ಧೈರ್ಯದ ಮೇಲೆ ಮಗುವನ್ನು ಕಳುಹಿಸಿರುತ್ತಾರೆ. ಪಂದ್ಯಕ್ಕಾಗಿ ಬೆಳಗಾವಿಗೋ ವಿಜಯಪುರಕ್ಕೋ ರಾತ್ರಿ ತಂಗುವಂತೆ ಹೋಗುವುದೂ ಇದೆ. ಆ ಮಗುವಿನ ಮೇಲೆ ಕೈಮಾಡುವವನು, ಅದಕ್ಕಿಂತ ನೀಚ ಕೆಲಸ ಮಾಡುವವನು, ನಮ್ಮಲ್ಲಿ ಇರಲಾರನೆಂದು ಯಾರೂ ಎದೆತಟ್ಟಿ ಹೇಳಬಾರದು. 2012ರ ಪೋಕ್ಸೋ ಕಾಯ್ದೆಯ ಪ್ರಕಾರ ಹದಿನೆಂಟರೊಳಗಿನ ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದದ್ದು ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು; ತಿಳಿಸದಿರುವುದೇ ಶಿಕ್ಷಾರ್ಹ. ಸಂಸ್ಥೆಯ ಮುಖ್ಯಸ್ಥ ಮುಚ್ಚಿಟ್ಟರೆ ಶಿಕ್ಷೆ ಇನ್ನೂ ಹೆಚ್ಚು. ಆದರೆ ನಮ್ಮ ಅಭ್ಯಾಸವೇನು? ನಾಲ್ವರು ಹಿರಿಯರು ಸೇರಿ ಪಂಚಾಯಿತಿ ಮಾಡುವುದು, ಮಗುವಿನ ತಾಯಿಗೆ "ಮನೆತನದ ಮಾನ" ಎಂದು ಬಾಯಿ ಮುಚ್ಚಿಸುವುದು, ಆ ಮನುಷ್ಯನನ್ನು ಸದ್ದಿಲ್ಲದೆ ಬೇರೆ ಮೊಹಲ್ಲಾಕ್ಕೆ ಕಳುಹಿಸುವುದು. ಅಲ್ಲಿಯೂ ಮಕ್ಕಳಿದ್ದಾರೆ, ಸಹೋದರರೇ. ಯಾರ ಮಾನವನ್ನು ನಾವು ಕಾಪಾಡಿದಂತಾಯಿತು?

ಆದುದರಿಂದ ಬರೆಯಿರಿ: ಯಾವ ತರಬೇತುದಾರನೂ ಒಂದು ಮಗುವಿನೊಂದಿಗೆ ಮುಚ್ಚಿದ ಕೋಣೆಯಲ್ಲಿ ಒಂಟಿಯಾಗಿರಬಾರದು. ಪರ ಊರಿಗೆ ಹೋಗುವಾಗ ಕನಿಷ್ಠ ಇಬ್ಬರು ಹಿರಿಯರು, ಪೋಷಕರ ಲಿಖಿತ ಒಪ್ಪಿಗೆ. ದೂರು ಕೇಳಲು ಒಬ್ಬ ಪುರುಷ ಮತ್ತು ಒಬ್ಬ ಮಹಿಳೆಯ ಹೆಸರು, ಮೊಬೈಲ್ ಸಂಖ್ಯೆ ಗೋಡೆಯ ಮೇಲೆ. ಜೊತೆಗೆ ಮಕ್ಕಳ ಸಹಾಯವಾಣಿ 1098. ಇದರಿಂದ ಪ್ರಾಮಾಣಿಕ ಕೋಚ್‌ಗಳಿಗೆ ಅವಮಾನವಾಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಇಅ್‌ತಿಕಾಫ್‌ನ ರಾತ್ರಿಯೊಂದರಲ್ಲಿ ಪತ್ನಿ ಸಫಿಯ್ಯಾ(ರ)ರನ್ನು ಕಳುಹಿಸಿಕೊಡಲು ಹೊರಟಿದ್ದ ಪ್ರವಾದಿಯವರನ್ನು(ಸ) ಇಬ್ಬರು ಅನ್ಸಾರರು ಕಂಡು ಸರಸರನೆ ಮುಂದೆ ಹೋದರು. ಪ್ರವಾದಿಯವರು(ಸ) ಅವರನ್ನು ತಡೆದು ನಿಲ್ಲಿಸಿ, ಇವರು ಸಫಿಯ್ಯಾ ಎಂದು ಸ್ಪಷ್ಟಪಡಿಸಿದರು. ಅವರಿಗಿಂತ ಹೆಚ್ಚು ಶಂಕಾತೀತರಾದ ಕೋಚ್ ಯಾರಿದ್ದಾರೆ?

ಹೆಣ್ಣುಮಕ್ಕಳ ಆಟದ ಬಗ್ಗೆ ಹೇಳುವುದಾದರೆ, ನಮ್ಮ ಅನೇಕ ತಾಯ್ತಂದೆಯರ ಆತಂಕ ಆಟದ ಬಗ್ಗೆ ಇಲ್ಲ, ವ್ಯವಸ್ಥೆಯ ಬಗ್ಗೆ ಇದೆ. ತಲೆವಸ್ತ್ರ ಧರಿಸಿ ಫುಟ್‌ಬಾಲ್ ಆಡಲು ಅಂತಾರಾಷ್ಟ್ರೀಯ ನಿಯಮವೇ 2014ರಲ್ಲಿ ಅವಕಾಶ ಕೊಟ್ಟಿದೆ, ಬಾಸ್ಕೆಟ್‌ಬಾಲ್ 2017ರಲ್ಲಿ ಕೊಟ್ಟಿತು. ಅವರಿಗೆ ಪ್ರತ್ಯೇಕ ಸಮಯ, ಮಹಿಳಾ ತರಬೇತುದಾರರು, ಉಡುಪಿನ ಸ್ವಾತಂತ್ರ್ಯ ಎಂದು ಬರೆದು ಪೋಷಕರ ಕೈಗೆ ಕೊಡಿ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳವನ್ನು ತಡೆಯುವ 2013ರ ಕಾಯ್ದೆ ಕ್ರೀಡಾ ಸಂಸ್ಥೆಗಳನ್ನೂ ತನ್ನ ವ್ಯಾಪ್ತಿಗೆ ತಂದಿದೆ ಎಂಬುದನ್ನೂ ತಿಳಿದಿರಿ.

ಇನ್ನು ಮೊಬೈಲ್. 2022ರ ಏಪ್ರಿಲ್ 16ರ ರಾತ್ರಿಯನ್ನು ಹುಬ್ಬಳ್ಳಿ ಮರೆಯಲಾರದು. ಒಬ್ಬನ ವಾಟ್ಸಾಪ್ ಸ್ಟೇಟಸ್‌ನಲ್ಲಿ ಬಂದ ಅವಹೇಳನಕಾರಿ ಚಿತ್ರ, ಅದನ್ನು ಪ್ರತಿಭಟಿಸಿ ಹಳೇ ಹುಬ್ಬಳ್ಳಿ ಠಾಣೆಯ ಮುಂದೆ ಸೇರಿದ ಗುಂಪು, ಕಲ್ಲು ತೂರಾಟ, ನೂರಕ್ಕೂ ಹೆಚ್ಚು ಬಂಧನ, ಯುಎಪಿಎ. 2024ರ ಅಕ್ಟೋಬರ್‌ನಲ್ಲಿ ರಾಜ್ಯ ಸರಕಾರ ಮೊಕದ್ದಮೆ ಹಿಂತೆಗೆದುಕೊಳ್ಳಲು ನಿರ್ಧರಿಸಿತು. 2025ರ ಮೇಯಲ್ಲಿ ಹೈಕೋರ್ಟ್ ಆ ಆದೇಶವನ್ನು ರದ್ದುಗೊಳಿಸಿತು. ದೂರು ಕೊಟ್ಟು, ಕಾನೂನಿನ ದಾರಿ ಹಿಡಿದು, ಮನೆಗೆ ಹೋಗಬೇಕಾಗಿದ್ದ ರಾತ್ರಿಯದು. ಸಂದೇಶಗಳು ಒಂದು ಮೊಬೈಲಿನಿಂದ ಇನ್ನೊಂದಕ್ಕೆ ಹಾರಿದ ವೇಗಕ್ಕೆ ಹಿರಿಯರ ಮಾತು ಸಾಟಿಯಾಗಲಿಲ್ಲ. ಅದಕ್ಕೆ ಬೆಲೆ ತೆತ್ತವರು ಬಡ ಮನೆಗಳ ತಾಯಂದಿರು.

ಕ್ಲಬ್‌ನ ಗ್ರೂಪಿನಲ್ಲಿ ಅಭ್ಯಾಸದ ಸಮಯ, ಪಂದ್ಯದ ವಿವರ ಬಿಟ್ಟು ಬೇರೇನೂ ಬರಬಾರದು. ಇಬ್ಬರು ಜವಾಬ್ದಾರರು ಮಾತ್ರ ಸಂದೇಶ ಹಾಕಬೇಕು. ಎಲ್ಲಿಂದಲೋ ಬಂದದ್ದನ್ನು ಮುಂದೂಡುವಂತಿಲ್ಲ. ಇಷ್ಟು ಎಲ್ಲರೂ ಬರೆಯುತ್ತಾರೆ. ನಾನು ಇನ್ನೊಂದನ್ನು ಸೇರಿಸಲು ಕೇಳುತ್ತೇನೆ. ಊರಿನಲ್ಲಿ ಬಿಗುವಿನ ವಾತಾವರಣವಿದ್ದಾಗ ಯಾವ ಹಿರಿಯ ಯಾವ ಹತ್ತು ಹುಡುಗರಿಗೆ ಫೋನ್ ಮಾಡಿ ಮನೆಯಲ್ಲಿದ್ದಾರೆಂದು ಖಚಿತಪಡಿಸಿಕೊಳ್ಳಬೇಕು ಎಂಬ ಪಟ್ಟಿ ಮೊದಲೇ ಸಿದ್ಧವಿರಲಿ. ಅಪ್ಪನ ಮಾತು ಕೇಳದ ಹುಡುಗ ನಾಯಕನ ಮಾತು ಕೇಳುತ್ತಾನೆ. ಕ್ರೀಡಾ ಕ್ಲಬ್‌ನಿಂದ ಸಮುದಾಯಕ್ಕೆ ಆಗಬಹುದಾದ ದೊಡ್ಡ ಉಪಕಾರ ಕಪ್ಪಿಗಿಂತ ಇದೇ ಆದೀತು.

ರಾಜಕಾರಣಿಗಳ ಬಗ್ಗೆ ಹೇಳದೆ ಹೋದರೆ ಅಧ್ಯಕ್ಷರು ಬೇಸರಪಟ್ಟುಕೊಂಡಾರು! ಚುನಾವಣೆ ಸಮೀಪಿಸಿದಂತೆ ಕ್ಲಬ್‌ಗಳಿಗೆ ಕಿಟ್ ಬರುತ್ತದೆ, ಜೆರ್ಸಿ ಬರುತ್ತದೆ, ಜೆರ್ಸಿಯ ಎದೆಯ ಮೇಲೆ ಟಿಕೆಟ್ ಆಕಾಂಕ್ಷಿಯ ಮುಖವೂ ಬರುತ್ತದೆ. ನಂತರ ಅದೇ ಜೆರ್ಸಿಯಲ್ಲಿ ಹುಡುಗರು ಬೈಕ್ ರ್‍ಯಾಲಿಗೆ ಹೋಗಬೇಕಾಗುತ್ತದೆ. ಇಪ್ಪತ್ತು ಜೆರ್ಸಿಗೆ ಒಂದು ಮೊಹಲ್ಲಾದ ಯೌವನ ಮಾರಾಟವಾಯಿತು. ದಾನವನ್ನು ತಿರಸ್ಕರಿಸಿ ಎಂದು ನಾನು ಹೇಳುವುದಿಲ್ಲ. ರಸೀದಿಯ ಮೂಲಕ, ಬ್ಯಾಂಕ್ ಖಾತೆಗೆ, ಶರತ್ತಿಲ್ಲದೆ ಬರಲಿ. ಎದೆಯ ಮೇಲೆ ಕ್ಲಬ್‌ನ ಹೆಸರು ಮಾತ್ರ. ಚುನಾವಣೆಗೆ ನಿಲ್ಲುವ ಪದಾಧಿಕಾರಿ ಮೊದಲು ಪದವಿಯಿಂದ ಇಳಿಯಲಿ. ಇದು ಅತಿಯಾಯಿತೆಂದು ಅನಿಸಿದರೆ ಭಾರತೀಯ ಕ್ರಿಕೆಟ್ ಮಂಡಳಿಯ ಕಥೆ ನೋಡಿ. ನ್ಯಾಯಮೂರ್ತಿ ಲೋಧಾ ಸಮಿತಿ ಮಂತ್ರಿಗಳು ಪದಾಧಿಕಾರಿಗಳಾಗಬಾರದು, ಎಪ್ಪತ್ತು ದಾಟಿದವರು ಇಳಿಯಬೇಕು, ಅವಧಿಗೆ ಮಿತಿಯಿರಬೇಕು ಎಂದಿತು. 2016ರ ಜುಲೈ 18ರಂದು ಸುಪ್ರೀಮ್ ಕೋರ್ಟ್ ಆ ಶಿಫಾರಸುಗಳ ಬಹುಪಾಲನ್ನು ಒಪ್ಪಿತು. ಅವಧಿ ಮೀರಿದರೂ ಕುರ್ಚಿ ಬಿಡದ ಚಾಳಿ ಫುಟ್‌ಬಾಲ್ ಒಕ್ಕೂಟಕ್ಕೂ ಅಂಟಿತ್ತು. ಸಕಾಲದಲ್ಲಿ ಚುನಾವಣೆ ನಡೆಯದೆ ವಿಷಯ ಕೋರ್ಟಿಗೆ ಹೋಗಿ, ಕೋರ್ಟು ನೇಮಿಸಿದ ಸಮಿತಿಯ ಆಡಳಿತವನ್ನು ಹೊರಗಿನ ಹಸ್ತಕ್ಷೇಪವೆಂದು ಪರಿಗಣಿಸಿ 2022ರ ಆಗಸ್ಟ್‌ನಲ್ಲಿ ಫಿಫಾ ಭಾರತವನ್ನು ಅಮಾನತುಗೊಳಿಸಿತು. ಅಷ್ಟರಲ್ಲಿ ಗೋಕುಲಂ ಕೇರ್‍ಯಾಲಯದ ಅಲ್ಲ, ಕೇರಳದ ಗೋಕುಲಂ ಮಹಿಳಾ ತಂಡ ಏಷ್ಯಾದ ಪಂದ್ಯಾವಳಿಗಾಗಿ ತಾಷ್ಕೆಂಟ್ ತಲುಪಿಯಾಗಿತ್ತು. ಆ ಹುಡುಗಿಯರು ಒಂದು ಪಂದ್ಯವನ್ನೂ ಆಡದೆ ಮರಳಬೇಕಾಯಿತು. ಆಗಸ್ಟ್ 26ರಂದು ಅಮಾನತು ತೆರವಾಯಿತು, ಅವರಿಗೆ ಮಾತ್ರ ತಡವಾಗಿತ್ತು.

ಪಂದ್ಯಾವಳಿಯ ದಿನ ಜನಸಂದಣಿಯ ಹೊಣೆ ಯಾರದೆಂದೂ ಬರೆದಿರಬೇಕು. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಮಂದಿ ಸತ್ತ ಮೇಲೆ ಹೊಣೆ ತನ್ನದಲ್ಲವೆಂದು ಪ್ರತಿಯೊಬ್ಬರೂ ಇನ್ನೊಬ್ಬರತ್ತ ಬೆರಳು ತೋರಿಸಿದರು. ನಿಮ್ಮ ರಾತ್ರಿ ಪಂದ್ಯಾವಳಿ ಚಿಕ್ಕದೇ. ಆದರೂ ಬೆಳಕಿನ ತಂತಿ ಎಳೆಯುವವನು ಯಾರು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಯಾರ ಬಳಿ, ಧ್ವನಿವರ್ಧಕ ಎಷ್ಟು ಗಂಟೆಗೆ ಬಂದ್ ಎಂಬುದಕ್ಕೆ ಒಂದೊಂದು ಹೆಸರಿರಲಿ. ರಮಝಾನಿನ ರಾತ್ರಿಗಳಲ್ಲಿ ತರಾವೀಹ್ ಬಿಟ್ಟು ಸಹರಿಯವರೆಗೆ ಕ್ರಿಕೆಟ್ ನಡೆಸಿ ನೆರೆಯ ಹಿಂದೂ ಸಹೋದರರ ನಿದ್ದೆ ಕೆಡಿಸುವ ಪಂದ್ಯಾವಳಿಗಳ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ. ಅದಕ್ಕೆ ನಿಯಮ ಬೇಡ, ನಾಚಿಕೆ ಸಾಕು.

ನಿಯಮ ಬಂದ ಮೇಲೆ ಅದರ ಪರೀಕ್ಷೆ ಬೇಗನೆ ಬರುತ್ತದೆ. ಸಾಮಾನ್ಯವಾಗಿ ಕಾರ್ಯದರ್ಶಿಯ ತಮ್ಮನೋ ದೊಡ್ಡ ದಾನಿಯ ಮಗನೋ ಅದನ್ನು ಮೊದಲು ಮುರಿಯುತ್ತಾನೆ. ಗಣ್ಯ ಮನೆತನದ ಮಹಿಳೆಯೊಬ್ಬಳ ಕಳವಿನ ಪ್ರಕರಣದಲ್ಲಿ ಶಿಫಾರಸು ಬಂದಾಗ ಪ್ರವಾದಿಯವರು(ಸ) ಏನು ಹೇಳಿದರೆಂಬುದನ್ನು ಜುಮಾ ಖುತ್ಬಾಗಳಲ್ಲಿ ಕೇಳುತ್ತಲೇ ಬಂದಿದ್ದೇವೆ. ಆ ದಿನ ಕಾರ್ಯದರ್ಶಿಯ ತಮ್ಮನನ್ನು ಎರಡು ಪಂದ್ಯ ಹೊರಗೆ ಕೂರಿಸಿದರೆ ಉಳಿದವರಿಗೆ ನಿಯಮವನ್ನು ವಿವರಿಸುವ ಕೆಲಸವೇ ಉಳಿಯುವುದಿಲ್ಲ. ಕೂರಿಸದಿದ್ದರೆ ಆ ಪುಟವನ್ನು ಹರಿದು ಹಾಕಿ. ಗೋಡೆಯ ಮೇಲೆ ಸುಳ್ಳು ನೇತಾಡುವುದು ಬೇಡ.

ಸಮಯ ಮೀರುತ್ತಿದೆ, ಅಸರ್‌ನ ಅಝಾನ್ ಹತ್ತಿರವಾಯಿತು. ಪ್ರತಿ ಕ್ಲಬ್‌ನಿಂದ ಇಬ್ಬರು, ಒಬ್ಬ ಪದಾಧಿಕಾರಿ ಮತ್ತು ಪದವಿಯಿಲ್ಲದ ಒಬ್ಬ ಆಟಗಾರ, ನಮಾಝ್‌ನ ನಂತರ ಇಲ್ಲಿಯೇ ಉಳಿಯಿರಿ. ನಿಮ್ಮ ಕ್ಲಬ್‌ನಲ್ಲಿ ಕಳೆದ ವರ್ಷ ಯಾವ ವಿಷಯಕ್ಕೆ ಜಗಳವಾಯಿತೆಂದು ಇಬ್ಬರೂ ಬೇರೆ ಬೇರೆ ಚೀಟಿಯಲ್ಲಿ ಬರೆದುಕೊಡಿ. ಎರಡು ಚೀಟಿಯಲ್ಲೂ ಒಂದೇ ವಿಷಯವಿದ್ದರೆ ಅದೇ ನಿಮ್ಮ ಮೊದಲ ನಿಯಮ; ಮಗ್ರಿಬ್‌ನೊಳಗೆ ಅದರ ಕರಡನ್ನು ಕುಳಿತು ಬರೆಯೋಣ.